ಪ್ರೆಸ್ಸು ಮಾವ ಓದಲಾಗದೆ ಅಚ್ಚುಹಾಕಿದ ಪುಸ್ತಕ

ಪ್ರೆಸ್ಸು ಮಾವನ ಎಡಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಸೀಸದ ಅಚ್ಚುಮೊಳೆಗಳನ್ನು ಸ್ಟಿಕ್ಕಿನಲ್ಲಿ ಒತ್ತಿ ಹಿಡಿದು ಹಾಗಾಗಿತ್ತಂತೆ. ಸ್ಟಿಕ್ಕೆಂದರೆ ಒಂದು ಸಾಲಿನಷ್ಟು ಅಗಲದ ಲೋಹದ ಚೌಕಟ್ಟು. ಅದರೊಳಗೆ ಒಂದೊಂದೇ ಅಕ್ಷರ ಜೋಡಿಸಬೇಕು. ಮಾವ ನಮ್ಮಮ್ಮನ ಅಣ್ಣ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ತಿರುಪ್ಪೂರಿನ ಕಡೆಯ ಕರುಮತ್ತಂಪಟ್ಟಿಯ ಅವರ ಪ್ರೆಸ್ಸಿಗೂ ಕಂಪ್ಯೂಟರ್ ಬಂದಿತ್ತು. ಮಗ್ಗದವರ ಬಿಲ್ ಬುಕ್ಕು, ಮದುವೆ ಪತ್ರಿಕೆ, ಎಲ್ಲ ಅದರಲ್ಲೇ.

ಮನೆಯಲ್ಲಿ ನಾವೆಲ್ಲ ಕನ್ನಡ ಮಾತಾಡುವವರು. ಓದಿದ್ದು ಬರೆದದ್ದು ತಮಿಳು, ಇಂಗ್ಲಿಷು. ಮಾವನಿಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ, ಆಗ ನನಗೂ ಇಲ್ಲ. ಕೊಳ್ಳೇಗಾಲದ ಕಡೆಯಿಂದ ಸೊಸೆಯಾಗಿ ಬಂದ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಮಾತ್ರ ಬರುತ್ತಿತ್ತು. ತಾವೇ ಕಟ್ಟಿದ ಹಾಡುಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಈಗ ಅವರ ಕಣ್ಣಿನ ನರ ಸೊರಗುತ್ತಿತ್ತು. ಇನ್ನೊಂದು ವರ್ಷ ನೋಟ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಆ ಹಾಡುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿ ಅವರ ಕೈಗಿಡಬೇಕೆಂದು ಮಾವ ಹಟ ಹಿಡಿದರು.

ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಲೇಬಲ್ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಟೈಪ್ ಮಾಡಿಸಿ ತರಿಸಿದ ಹಾಡುಗಳನ್ನು ಅದೇ ಪ್ರೋಗ್ರಾಮಿಗೆ ತುಂಬಿ ಮೊದಲ ಪ್ರತಿ ತೆಗೆದುಕೊಟ್ಟೆ. ಮಾವ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರು. ಸ್ಟಿಕ್ಕಿನಲ್ಲಿ ಅಕ್ಷರ ತಲೆಕೆಳಗಾಗಿಯೇ ಇರುತ್ತದಲ್ಲ, ಪ್ರೂಫನ್ನೂ ಅವರು ಹಾಗೇ ನೋಡುತ್ತಿದ್ದರು.

“ಏನ್ ಅಮ್ಮಿಣಿ ಇದು?” ಅಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. “ಸಾಲಿನ ಮೊದಲಲ್ಲಿ ಬರೀ ಕೊಂಬು ಕೂತೈತೆ, ಚುಕ್ಕಿ ಚುಕ್ಕಿ ಉಂಗುರ ಹಾಕ್ಕೊಂಡು. ಮ್ಯಾಲಿನ ಸಾಲಿಂದ ಕಿತ್ಕೊಂಡ್ ಬಂದಂಗೈತೆ.”

“ಮಾವ, ನಿಮ್ಗೆ ಕನ್ನಡ ಓದಕ್ಕೇ ಬರಲ್ಲ!”

“ಬರಲ್ಲ. ಒಡಕು ಕಾಣಲ್ವಾ?”

ನನ್ನ ಪ್ರೋಗ್ರಾಂ ಇಪ್ಪತ್ತು ಅಕ್ಷರ ಎಣಿಸಿ ಸಾಲು ಮುರಿಯುತ್ತಿತ್ತು. ಇಂಗ್ಲಿಷ್ ಲೇಬಲ್ಲಿಗೆ ಅದು ಸಾಕಾಗಿತ್ತು. ಕನ್ನಡದಲ್ಲಿ ಅಕ್ಷರ, ಅದರ ಕೊಂಬು, ಒತ್ತು, ಒಂದೊಂದನ್ನೂ ಕಂಪ್ಯೂಟರ್ ಬೇರೆಯೆಂದು ಎಣಿಸಿ, ಇಪ್ಪತ್ತಾದಲ್ಲಿ ಕತ್ತರಿಸಿ, ಉಳಿದದ್ದನ್ನು ಕೆಳಗೆ ತಳ್ಳುತ್ತಿತ್ತು. ಒಂಟಿಯಾದ ಕೊಂಬಿಗೆ ಅಕ್ಷರದ ಜಾಗದಲ್ಲಿ ಚುಕ್ಕಿಗಳ ಉಂಗುರ ಹಾಕುತ್ತಿತ್ತು. ನನಗೆ ನಾಚಿಕೆಯಾಯಿತು, ಅದಕ್ಕೇ ಸಿಟ್ಟೂ ಬಂತು. “ಹೋಗ್ಲಿ ಬಿಡಿ ಮಾವ, ಇಲ್ಲಿ ಯಾರ್ ಓದ್ತಾರೆ? ಅತ್ತೆ ಒಬ್ರೇ ತಾನೆ. ಅವ್ರಿಗೆ ಹಾಡೆಲ್ಲ ಬಾಯಿಪಾಠ.”

ಮಾವ ಹಾಳೆಯನ್ನು ಮೇಜಿನ ಮೇಲಿಟ್ಟರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಓದ್ತಾ ಓದ್ತಾ ಅವಳು ಅಲ್ಲಿ ತಡವರಿಸಿದ್ರೆ, ಕಣ್ಣೇ ಹೋಯ್ತು ಅಂದ್ಕೊಂಡು ಅಳ್ತಾಳೆ. ನೀನ್ ಮಾಡಿದ್ ತಪ್ಪು ಅಂತ ಅವಳಿಗೆ ಹೆಂಗ್ ಗೊತ್ತಾಗ್ಬೇಕು?”

ಹಾಳೆ ಎತ್ತಿಕೊಂಡು ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಕೊಂಬು, ಒತ್ತು ತಮ್ಮ ಅಕ್ಷರ ಬಿಟ್ಟು ಹೋಗದಂತೆ ತಿದ್ದಿದೆ. ಇಡೀ ಅಕ್ಷರಗಳನ್ನೇ ಎಣಿಸಿ ನೋಡಿದೆ. ಆದರೂ ಅಗಲದ ಅಕ್ಷರಗಳು ಹೆಚ್ಚಿದ್ದ ಕೆಲವು ಸಾಲುಗಳು ಅಂಚು ದಾಟಿ ಹೋದವು. ನಾನು ಎರಡು ದಿನ ತಲೆ ಕೆಡಿಸಿಕೊಂಡದ್ದನ್ನು ನೋಡಿ ಮಾವ ಅಟ್ಟದಿಂದ ಸ್ಟಿಕ್ಕು ಇಳಿಸಿ ನನ್ನ ಮುಂದಿಟ್ಟರು.

“ನಾವ್ ಎಣಿಸ್ತಾನೇ ಇರ್ಲಿಲ್ಲ ಅಮ್ಮಿಣಿ. ಇದ್ರೊಳಗೆ ಹಿಡಿದ್ರೆ ಶರಿ. ಹಿಡೀಲಿಲ್ವಾ, ಆ ಮಾತು ಪೂರ್ತಿ ಕೆಳಗಿನ ಸಾಲಿಗೆ.”

ಅಯ್ಯೋ, ಇಷ್ಟೇನಾ! ಎಣಿಕೆ ತೆಗೆದುಹಾಕಿ, ಪ್ರತಿ ಪದದ ಅಗಲ ಅಳೆದು, ಹಿಡಿಯದ್ದನ್ನು ಇಡಿಯಾಗಿ ಕೆಳಗಿಳಿಸುವಂತೆ ಬರೆದೆ. ಮಾವ ಅಷ್ಟೂ ಹಾಳೆಗಳನ್ನು ಇನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿ, “ಆಮಾ, ಈಗ ಶರಿ” ಎಂದರು.

ಅತ್ತೆ ಆ ಪುಸ್ತಕವನ್ನು ಆರೇಳು ತಿಂಗಳು ಓದಿದರು. ಅದರಿಂದಲೇ ನನಗೂ ಅಕ್ಷರ ಕಲಿಸಿದರು. ಮಾವ ಪಕ್ಕದಲ್ಲಿ ಕೂತು ನನ್ನ ತೊದಲಿಗೆ ನಗುತ್ತಿದ್ದರು. ನೀವೂ ಕಲಿಯಿರಿ ಅಂದರೆ, “ನಂಗ್ಯಾಕೆ? ಓದಕ್ಕೆ ಅವಳಿದ್ದಾಳಲ್ಲ” ಅನ್ನುತ್ತಿದ್ದರು.

ಕಳೆದ ವರ್ಷ ಮಾವ ಹೃದಯಾಘಾತವಾಗಿ ತೀರಿಕೊಂಡರು. ಅಷ್ಟರಲ್ಲಿ ಅತ್ತೆಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಹನ್ನೊಂದನೆಯ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಅತ್ತೆ ಪುಸ್ತಕವನ್ನು ನನ್ನ ಮಡಿಲಿಗಿಟ್ಟು, “ಅವ್ರಿಗೆ ಇಷ್ಟವಾದ್ದು ಒಂದು ಓದು” ಎಂದರು. ಎರಡು ಸಾಲು ಓದುವಷ್ಟರಲ್ಲಿ ಅಳು ಒತ್ತರಿಸಿ ಬಂದು ಓದು ನಿಂತಿತು.

“ಯಾಕ್ ನಿಲ್ಲಿಸ್ದೆ? ಅಚ್ಚೇನಾದ್ರೂ ತಪ್ಪೈತಾ?”

“ಇಲ್ಲ ಅತ್ತೆ. ಮಾವ ಒಂದ್ ತಪ್ಪೂ ಬಿಟ್ಟಿಲ್ಲ” ಎಂದು ಕಣ್ಣೊರೆಸಿಕೊಂಡು ಮುಂದಿನ ಸಾಲು ಓದಿದೆ.