ಯಾರೂ ಬೈಯದ ಪ್ರಚಾರ

ಮೈಸೂರಿನ ಶಾಸಕರೊಬ್ಬರ ಬಳಿ ನಾನು ಹದಿನೇಳು ವರ್ಷ ಆಪ್ತ ಸಹಾಯಕನಾಗಿದ್ದೆ. ಸತತ ನಾಲ್ಕು ಸಲ ಗೆದ್ದಿದ್ದ ಸಾಹೇಬರು ಐದನೇ ಸಲ ನಿಂತಿದ್ದರು. ಮತದಾನಕ್ಕೆ ಒಂಬತ್ತು ದಿನವಿದ್ದಾಗ, ಬೆಳಿಗ್ಗೆ ವಿದ್ಯಾರಣ್ಯಪುರಂನಲ್ಲಿ ನನಗೆ ಹುಟ್ಟಿದ ಭಯವನ್ನು ಇವತ್ತಿಗೂ ಮರೆತಿಲ್ಲ.

ಮನೆಮನೆ ಪ್ರಚಾರವೆಂದರೆ ಬೈಸಿಕೊಳ್ಳುವ ಕೆಲಸ. ನೀರಿಲ್ಲ, ಬೀದಿದೀಪವಿಲ್ಲ, ಐದು ವರ್ಷ ಎಲ್ಲಿದ್ರಿ ಎಂದು ಜನ ಗೇಟಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅವತ್ತು ಮೂರು ಬೀದಿ ಸುತ್ತಿದರೂ ಯಾರೂ ಏನೂ ಕೇಳಲಿಲ್ಲ. ಆರತಿ ಎತ್ತಿದರು, ನಕ್ಕರು, ಕಳಿಸಿದರು. ಸಾಹೇಬರು ಖುಷಿಯಾಗಿರುವಂತೆ ಕಂಡರು. ನಾನು ಬೆವರತೊಡಗಿದೆ.

ಮೂಲೆಮನೆಯ ಸಾವಿತ್ರಮ್ಮ ನಿವೃತ್ತ ಹೈಸ್ಕೂಲ್ ಮೇಡಂ. ಪ್ರತಿ ಚುನಾವಣೆಯಲ್ಲೂ ಸಾಹೇಬರನ್ನು ಅರ್ಧ ಗಂಟೆ ನಿಲ್ಲಿಸಿ ಬೈದು, ಆಮೇಲೆ ಕಾಫಿ ಕೊಟ್ಟು, ಓಟೂ ಹಾಕಿದವರು. ಈ ಸಲ ಕೈ ಮುಗಿದು, "ಒಳ್ಳೇದಾಗ್ಲಿ, ಹೋಗ್ಬನ್ನಿ" ಎಂದು ಬಾಗಿಲು ಹಾಕಿಕೊಂಡರು.

ಒಳಚರಂಡಿ ಕಟ್ಟಿಕೊಂಡು ಕೊಳಕು ನೀರು ದೇವರಮನೆಗೆ ನುಗ್ಗುತ್ತಿದೆಯೆಂದು ಆಕೆ ಮೂರು ಸಲ ಅರ್ಜಿ ತಂದಿದ್ದರು. ಮೂರು ಸಲವೂ "ಸಾಹೇಬ್ರು ಮೀಟಿಂಗಲ್ಲಿದಾರೆ ಮೇಡಂ" ಎಂದು ಸಾಗಹಾಕಿದವನು ನಾನೇ. ಕೆಟ್ಟ ಸುದ್ದಿ ತಂದವರ ಮೇಲೆ ಸಾಹೇಬರು ಹರಿಹಾಯುತ್ತಿದ್ದರು. ನನಗೆ ಆ ಬೈಗುಳ ಬೇಡವಾಗಿತ್ತು. ಅಂಥ ಅರ್ಜಿಗಳು ನನ್ನ ಬೀರುವಿನಲ್ಲಿ ಎರಡು ಕಟ್ಟು ಇದ್ದವು.

ಕಾರು ಹತ್ತಿದ ಮೇಲೆ ಸಾಹೇಬರು ಕೇಳಿದರು: "ಏನಯ್ಯ, ಹೆಂಗದೆ ವಾತಾವರಣ?"

ಹೇಳಿಬಿಡಬೇಕು, ಇನ್ನೂ ಒಂಬತ್ತು ದಿನವಿದೆ, ಮನೆಮನೆಗೆ ಹೋಗಿ ತಪ್ಪಾಯಿತು ಎಂದರೂ ಸಾಕು ಅಂದುಕೊಂಡೆ. ಆದರೂ "ಚೆನ್ನಾಗದೆ ಸಾರ್" ಅಂದೆ. ಅವರು ದಿನಾ ಕೇಳಿದರು, ನಾನು ದಿನಾ ಅದನ್ನೇ ಅಂದೆ. ರಾತ್ರಿ ನಿದ್ದೆ ಮಾತ್ರ ಹತ್ತಲಿಲ್ಲ.

ಎಣಿಕೆಯ ಹನ್ನೊಂದನೇ ಸುತ್ತಿನಲ್ಲಿ ವಿದ್ಯಾರಣ್ಯಪುರಂ ಮತಗಟ್ಟೆಗಳ ಲೆಕ್ಕ ಬಂತು. ಅದು ನಮ್ಮ ಕೋಟೆ ಎಂದುಕೊಂಡಿದ್ದೆವು. ಅಲ್ಲೇ ಹಿಂದೆ ಬಿದ್ದೆವು, ಆಮೇಲೆ ಚೇತರಿಸಿಕೊಳ್ಳಲಿಲ್ಲ. ಸೋಲಿಗೆ ಜಾತಿ, ಅಲೆ, ಒಳಏಟು ಎಂದು ಪತ್ರಿಕೆಗಳು ಕಾರಣ ಬರೆದವು.

ಮಾರನೆಯ ದಿನ ಎಲ್ಲ ಒಪ್ಪಿಕೊಂಡೆ. "ಅರ್ಜಿ ಮುಚ್ಚಿಟ್ಟಿದ್ದೆ ಸಾರ್. ಸೋಲ್ತೀವಿ ಅಂತಾನೂ ಗೊತ್ತಿತ್ತು. ನಿಮಗೆ ಹೇಳೋಕೆ ಭಯ ಆಯ್ತು."

ಬೈಗುಳಕ್ಕೆ ಕಾದೆ. ಸಾಹೇಬರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಆ ಮೇಡಂ ಬಾಗಿಲು ಹಾಕ್ಕೊಂಡಾಗ್ಲೇ ನಂಗೂ ಗೊತ್ತಾಯ್ತು ಕಣಯ್ಯ. ಕಾರಲ್ಲಿ ನಿನ್ನ ಕೇಳ್ದಾಗೆಲ್ಲ, ಚೆನ್ನಾಗದೆ ಅಂತಾನೇ ಅನ್ಲಪ್ಪಾ ಅಂತ ದೇವ್ರನ್ನ ಬೇಡ್ಕೋತಿದ್ದೆ."

ಈಗ ಹೊಸ ಆಪ್ತ ಸಹಾಯಕರು ಸಲಹೆ ಕೇಳಲು ಬಂದರೆ ನಾನು ಹೇಳುವುದು ಇಷ್ಟೇ. ಬೈಯಲು ಬಂದವರನ್ನು ಮೊದಲು ಒಳಗೆ ಬಿಡಿ, ಅವರಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಉಳಿದಿದೆ.