ಅಡ್ಡಗದ್ದೆಯಿಂದ ಓದುಗರು: ಸೊನ್ನೆ

ಜೂನ್ ೨೧, ಭಾನುವಾರ, ಸಂಜೆ ಐದೂವರೆಗೆ ಬರೆಯಲು ಕೂತಿದ್ದೇನೆ. ಅಡ್ಡಗದ್ದೆಯಿಂದ ಈಗಷ್ಟೇ ಕೊಪ್ಪಕ್ಕೆ ವಾಪಸ್ ಬಂದೆ. ಸಿಟ್ಟು ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕು.

ಹೊಸಬರಿಗೆ ಒಂದು ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಓಡುವ ಖಾಸಗಿ ಬಸ್ಸುಗಳ ವೇಳಾಪಟ್ಟಿ ಈ ಬ್ಲಾಗಿನಲ್ಲಿದೆ. ನಾನು ದಿನಾ ಕೊಪ್ಪದಿಂದ ನರಸಿಂಹರಾಜಪುರದ ಲ್ಯಾಬೊಂದಕ್ಕೆ ಕೆಲಸಕ್ಕೆ ಹೋಗುವವಳು. ಸ್ಟ್ಯಾಂಡಿನಲ್ಲಿ ಕಾದು ಕಾದು ಸಾಕಾಗಿ, ಕಂಡಕ್ಟರುಗಳನ್ನು ಕೇಳಿ ಪಟ್ಟಿ ಶುರುಮಾಡಿದೆ. ಅಡ್ಡಗದ್ದೆ, ಭಂಡಿಗಡಿಯಂಥ ಹಳ್ಳಿಗಳಿಗೆ ಹೋಗುವ ಒಳದಾರಿಯ ಬಸ್ಸುಗಳನ್ನೂ ಸೇರಿಸಿದೆ. ಯಾರೂ ಮಾಡು ಎಂದು ಹೇಳಿರಲಿಲ್ಲ, ನನಗೆ ಇಷ್ಟ, ಅಷ್ಟೆ.

ಮಾರ್ಚಿನಲ್ಲಿ ಅಣ್ಣ ಕೆಣಕಿದ. ಅವನದು ಕೊಪ್ಪದಲ್ಲಿ ಕಂಪ್ಯೂಟರ್ ಅಂಗಡಿ.

"ಇದನ್ನ ಯಾರು ಓದ್ತಾರೆ ಅಂತ ನೋಡಿದ್ಯನೇ? ಗೋಡೆ ಹತ್ರ ಮಾತಾಡ್ದಂಗೆ ಆಗಿದ್ಯೋ ಏನೋ ಮಾರಾಯ್ತಿ."

ಅವನೇ ಒಂದು ಟೂಲ್ ಜೋಡಿಸಿಕೊಟ್ಟ. ಎಷ್ಟು ಜನ ಬಂದರು, ಯಾವ ಊರಿನವರು, ಎಷ್ಟು ಹೊತ್ತು ಓದಿದರು, ಎಲ್ಲವನ್ನೂ ಬಣ್ಣದ ಗೆರೆಗಳಲ್ಲಿ ತೋರಿಸುತ್ತದೆ. ಲೆಕ್ಕ ಇಡುವುದೆಂದರೆ ನನಗೆ ಮೊದಲಿಂದಲೂ ಹುಚ್ಚು. ಬಸ್ಸಿನಲ್ಲಿ ಕೂತು ದಿನಾ ನೋಡಿ ಡೈರಿಗೆ ಇಳಿಸಿಕೊಂಡೆ. ಏಪ್ರಿಲ್ ತಿಂಗಳ ಮೊತ್ತ: ಬೆಂಗಳೂರು ೨೧೨, ಮಂಗಳೂರು ೬೪, ಶೃಂಗೇರಿ ೩. ಅಡ್ಡಗದ್ದೆ, ಭಂಡಿಗಡಿ ಸೊನ್ನೆ.

"ನೋಡು, ಎಲ್ಲಾ ಹೋಂಸ್ಟೇಗೆ ಬರೋರು," ಅಂದ ಅಣ್ಣ. "ಆ ಒಳದಾರಿ ಬಸ್ಸೆಲ್ಲ ಬಿಟ್ಟಾಕು. ಒಳ್ಳೆ ತಿಂಡಿ ಎಲ್ಲಿ ಸಿಗತ್ತೆ ಅಂತ ಬರಿ."

ಬರೆದೆ. ಮೇ ಪೂರ್ತಿ ಹೋಟೆಲ್ಲುಗಳ ಬಗ್ಗೆಯೇ ಬರೆದೆ. ಜೂನ್ ಮೊದಲಲ್ಲಿ ಶಾಲೆ ಶುರುವಾದಾಗ ಪ್ರತಿ ವರ್ಷದಂತೆ ಬಸ್ಸುಗಳ ಟೈಮ್ ಬದಲಾಯಿತು. ಮುಖ್ಯ ರಸ್ತೆಯದನ್ನು ಮಾತ್ರ ತಿದ್ದಿದೆ. ಒಳದಾರಿಯದನ್ನು ಹಾಗೇ ಬಿಟ್ಟೆ, ಓದುವವರೇ ಇಲ್ಲವಲ್ಲ.

ಇವತ್ತು ಅಡ್ಡಗದ್ದೆಯ ನೆಂಟರ ಮನೆಯಲ್ಲಿ ಊಟ ಮುಗಿಸಿ, ಬಸ್ಸಿಗೆ ಕಾಯಲು ರಸ್ತೆ ಬದಿಯ ಅಂಗಡಿಗೆ ಬಂದೆ. ಗೋಡೆಯ ಮೇಲೆ ನನ್ನ ಪಟ್ಟಿ ಅಂಟಿಸಿತ್ತು! ಕಪ್ಪು ಬಿಳುಪು ಪ್ರಿಂಟು. ನಾನು ಅದನ್ನೇ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ಮಾತಾಡಿದಳು. ಶೃಂಗೇರಿಯ ಲಾಡ್ಜೊಂದರಲ್ಲಿ ರೂಮು ಗುಡಿಸಿ ಒರೆಸುವ ಕೆಲಸ ಅವಳದು.

"ಅದನ್ನ ನಂಬ್ಕೊಂಡು ಕೂರ್ಬೇಡಿ. ಬೆಳಿಗ್ಗೆ ಬಸ್ಸು ಈಗ ಆರೂಮುಕ್ಕಾಲಿಗೇ ಹೋಗತ್ತೆ, ಅದ್ರಲ್ಲಿ ಏಳು ಅಂತಿದೆ. ಎರಡು ಸಲ ತಪ್ಪೋಯ್ತು ನಂಗೆ. ಇನ್ನೊಂದ್ಸಲ ತಡ ಆದ್ರೆ ಬರೋದೇ ಬೇಡ ಅಂದಿದಾರೆ ಲಾಡ್ಜಿನೋರು. ಬರ್ದೋರು ಕೈಗೆ ಸಿಕ್ಲಿ, ಸಮಾ ಕೇಳ್ತೀನಿ."

"ನಾನೇ ಅಕ್ಕ ಬರ್ದಿದ್ದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತೆಂತಕ್ಕೆ ಸರಿ ಮಾಡ್ಲಿಲ್ಲ?"

"ಇಲ್ಲಿಂದ ಯಾರೂ ಓದಲ್ಲ ಅಂತ ತೋರಿಸ್ತಿತ್ತು."

"ಯಾರು ತೋರ್ಸಿದ್ದು?"

ಅಣ್ಣ ಜೋಡಿಸಿಕೊಟ್ಟ ಟೂಲಿನ ವಿಷಯ ಹೇಳಿದೆ. ಅಂಗಡಿಯವರು ನಕ್ಕರು. "ಇಲ್ಲಿ ಸಿಗ್ನಲ್ಲೇ ಬರಲ್ಲ, ಓದೋದೆಲ್ಲಿ ಬಂತು? ಶೃಂಗೇರಿಗೆ ಹೋದೋರೊಬ್ರು ಸ್ಕ್ರೀನ್‌ಶಾಟ್ ಹೊಡ್ಕಂಡು ಬಂದ್ರು. ಊರವರ ಫೋನಲ್ಲೆಲ್ಲ ಅದೇ ಇರೋದು. ಭಂಡಿಗಡಿ ಕಡೆಗೂ ಹೋಗಿದ್ಯಂತೆ."

ಪೆನ್ನು ತೆಗೆದು ಗೋಡೆಯ ಮೇಲಿನ ಏಳನ್ನು ಹೊಡೆದುಹಾಕಿ ಆರೂಮುಕ್ಕಾಲು ಎಂದು ಬರೆದೆ. ಕಾಗದ ಹರಿಯುವಷ್ಟು ಒತ್ತಿಯೇ ಬರೆದೆ.

ಬಸ್ಸಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅಣ್ಣನಿಗೆ ಫೋನ್ ಮಾಡಿ ಆ ಸೊನ್ನೆಯ ಬಗ್ಗೆ ಕೇಳಿದೆ.

"ಅದು ಮೊಬೈಲ್ ಕಂಪನಿ ಸರ್ವರ್ ಎಲ್ಲಿದ್ಯೋ ಆ ಊರು ತೋರಿಸ್ತದೆ ಕಣೇ. ಇಲ್ಲಿ ಕೂತು ನೋಡಿದ್ರೂ ಎಷ್ಟೋ ಸಲ ಬೆಂಗಳೂರು ಅಂತ್ಲೇ ಬರೋದು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ನೀನು ಕೇಳ್ಲಿಲ್ಲಲ್ಲ."

ಫೋನ್ ಇಟ್ಟುಬಿಟ್ಟೆ. ಅವನ ಮೇಲೆ ಸಿಟ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನದೆ ಸೊನ್ನೆ ಎಂದು ಅಚ್ಚುಕಟ್ಟಾಗಿ ಗೆರೆ ಎಳೆದು ತೋರಿಸಿದ ಆ ಟೂಲಿನ ಮೇಲೆ ಅದಕ್ಕಿಂತ ಹೆಚ್ಚು. ಊರವರ ಮೇಲೂ ಇದೆ. ಪಟ್ಟಿಯ ಕೆಳಗೇ ನನ್ನ ಮೇಲ್ ವಿಳಾಸವಿತ್ತು. ಅದನ್ನು ನೀಟಾಗಿ ಕತ್ತರಿಸಿ ಪಟ್ಟಿಯೊಂದನ್ನೇ ಹಂಚಿಕೊಂಡಿದ್ದಾರೆ. ಟೈಮ್ ತಪ್ಪಿದೆ ಎಂದು ಇಪ್ಪತ್ತು ದಿನ ಗೋಡೆಯನ್ನು ಬೈದವರಲ್ಲಿ ಒಬ್ಬರಾದರೂ ನನಗೆ ಬೈಯಬಾರದಿತ್ತೇ? ಆ ಹೆಂಗಸಿನ ಕೆಲಸ ಈ ಕಾಲು ಗಂಟೆಯ ಮೇಲೆ ನಿಂತಿತ್ತು.

ಟೂಲನ್ನು ತೆಗೆದುಹಾಕಿದ್ದೇನೆ. ತಿದ್ದಿದ ದಿನಾಂಕವನ್ನೂ ಮೇಲ್ ವಿಳಾಸವನ್ನೂ ಪಟ್ಟಿಯ ನಟ್ಟನಡುವೆ ಹಾಕಿದ್ದೇನೆ, ಇನ್ನು ಕತ್ತರಿಸಲು ಬರುವುದಿಲ್ಲ. ಆದರೆ ಒಳದಾರಿಯ ಬಸ್ಸುಗಳಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಅಡ್ಡಗದ್ದೆಯ ಆ ಒಂದೇ ಬಸ್ಸು. ಉಳಿದವಕ್ಕೆ "ಹಳೆಯ ಸಮಯ, ನಂಬಬೇಡಿ" ಎಂದು ಬರೆದಿಟ್ಟಿದ್ದೇನೆ. ಭಂಡಿಗಡಿ ಕಡೆಯ ಬೆಳಗಿನ ಬಸ್ಸು ಈಗ ಎಷ್ಟಕ್ಕೆ ಹೊರಡುತ್ತದೆ? ಅದರಲ್ಲಿ ಕೆಲಸಕ್ಕೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಯಾರಾದರೂ ಓದಿ ಹೇಳಿದ್ದನ್ನು ಕೇಳಿದ್ದರೆ, ದಯವಿಟ್ಟು ಒಂದು ಸಾಲು ಬರೆಯಿರಿ. ಬೈದು ಬರೆದರೂ ಆಗಬಹುದು, ಟೈಮ್ ಮಾತ್ರ ಸರಿಯಾಗಿ ತಿಳಿಸಿ.