ಕುಟ್ಟಿಯ ಬೆಲ್ಟಿನ ಅಳತೆ

ಸ್ನೇಹಿತರೇ, ಇವತ್ತು ನಡೆದದ್ದನ್ನು ನಿಮಗೆ ಹೇಳಲೇಬೇಕು.

ನಮ್ಮ ಸೇಂಟ್ ಬರ್ನಾರ್ಡ್ ನಾಯಿ ಕುಟ್ಟಿಗೆ ಈಗ ಹನ್ನೊಂದು ತಿಂಗಳು. ಕರುವಿನಷ್ಟು ದೊಡ್ಡದು. ಕಾಂಪೌಂಡಿನೊಳಗೆ ಬಿಟ್ಟೇ ಸಾಕಿದ್ದರಿಂದ ಇಷ್ಟು ದಿನ ಕುತ್ತಿಗೆಗೆ ಬೆಲ್ಟು ಬೇಕಾಗಿರಲಿಲ್ಲ. ಇವತ್ತು ಬೆಳಿಗ್ಗೆ ಗೇಟು ದೂಡಿ ರಸ್ತೆಗೆ ಹೋಯಿತೆಂದು ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಮೂಡುಬಿದಿರೆಯ ನಾಯಿ ಸಾಮಾನು ಮಾರುವ ಹಮೀದಾಕನ ಅಂಗಡಿಗೆ ಹೋದೆ.

ಹಿತ್ತಾಳೆ ಮುಳ್ಳಿನ ಚರ್ಮದ ಬೆಲ್ಟು ನನಗೆ ಬಹಳ ಹಿಡಿಸಿತು.

"ಅದು ಶೋಕಿಗೆ ಮಾರಾಯ್ರೆ. ಇಷ್ಟು ರೋಮ ಇರುವ ನಾಯಿಗೆ ಅಗಲದ ನೈಲಾನೇ ಒಳ್ಳೆಯದು. ಮೊದಲು ಅಳತೆ ನೋಡುವ" ಎಂದು ಹಮೀದಾಕ ಕುಟ್ಟಿಯ ಕುತ್ತಿಗೆಯ ರೋಮದೊಳಗೆ ಬೆರಳು ತೂರಿಸಿದರು. ಕುಟ್ಟಿ ಕುಂಯ್ ಎಂದಿತು.

"ಇದರ ಕುತ್ತಿಗೆಯಲ್ಲಿ ಮೊದಲೇ ಎಂತದೋ ಉಂಟಲ್ಲ!"

ರೋಮ ಸರಿಸಿ ನೋಡಿದರೆ ಕಪ್ಪು ದಾರ! ಮರಿ ತಂದ ದಿನ ದೃಷ್ಟಿ ಬೀಳದಿರಲೆಂದು ಅಮ್ಮ ಕಟ್ಟಿದ್ದು. ಕುಟ್ಟಿ ಬೆಳೆಯಿತು, ದಾರ ಬೆಳೆಯಲಿಲ್ಲ. ಚರ್ಮದೊಳಕ್ಕೆ ಹೂತುಹೋಗಿತ್ತು. ಕತ್ತರಿ ಹಾಕಲು ಹಮೀದಾಕನಿಗೂ ಧೈರ್ಯ ಬರಲಿಲ್ಲ. ಕೊನೆಗೆ ಪಶುವೈದ್ಯರೇ ಬಿಡಿಸಿದರು. "ಇನ್ನೊಂದು ತಿಂಗಳು ಬಿಟ್ಟಿದ್ದರೆ ಉಸಿರಾಡ್ಲಿಕ್ಕೇ ಕಷ್ಟ ಇತ್ತು" ಎಂದರು. ಗಾಯ ಒಣಗುವವರೆಗೆ ಯಾವ ಬೆಲ್ಟೂ ಹಾಕಬಾರದಂತೆ.

ಶಿರ್ತಾಡಿಯ ನಮ್ಮ ಮನೆಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಹೇಳಿದ್ದು, "ಅಯ್ಯೋ ದೇವರೇ! ನೋಡು, ದೃಷ್ಟಿ ಹೇಗೆ ತಾಗಿದೆ ಅಂತ. ಬರುವಾಗ ಹೊಸ ದಾರ ತಾ."

ದಿನವೂ ಗೇಟಿನ ಹೊರಗೆ ನಿಂತು ಇಡೀ ಊರೇ ಕುಟ್ಟಿಯನ್ನು ನೋಡುತ್ತಿತ್ತು. ನೋಡದಿದ್ದವರು ನಾವು ಮಾತ್ರ.